ಬೆಡ್‌ಶೀಟಿನ ಇನ್ನೊಂದು ತುದಿ

ಮನುಷ್ಯರ ಜೊತೆ ದುಡಿಯುವ ಬುದ್ಧಿವಂತ ಯಂತ್ರಗಳನ್ನು ರೂಪಿಸುವುದು ಹೇಗೆಂದು ಕಲಿಸುವ ಸ್ನಾತಕೋತ್ತರ ವಿಭಾಗದ ಮುಖ್ಯಸ್ಥರಿಗೆ.

ಮಾನ್ಯರೇ,

ನಿಮ್ಮ ವಿಭಾಗ ನನ್ನನ್ನು ಲೆಕ್ಕದಿಂದ ತೆಗೆದುಹಾಕಿದೆ. ಕಾರಣವನ್ನೂ ಕೊಟ್ಟಿದೆ: ನಾನು 'ಅಸಹಕಾರಿ ಬಳಕೆದಾರಳು'. ನನ್ನ ಸೊಸೆ ಊಟದ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡು ಈ ಮಾತನ್ನು ಓದಿ ಹೇಳಿದಾಗ, ನೀರು ಕುಡಿಯುತ್ತಿದ್ದ ನನ್ನ ಮಗ ಕೆಮ್ಮಿದ. ಅದು ಕೆಮ್ಮೋ ನಗುವೋ ನಾನು ವಿಚಾರಿಸಲು ಹೋಗಲಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಾಗದ ಮಾತನ್ನು ನೀವು ವಿಶ್ವವಿದ್ಯಾಲಯದ ಮೊಹರು ಒತ್ತಿ ಕಳಿಸಿದ್ದೀರಿ. ನಿಮ್ಮ ಧೈರ್ಯಕ್ಕೆ ಅಭಿನಂದನೆ. ಆದರೆ ಆ ಒಂದು ಮಾತಿನಿಂದ ನನ್ನ ಸೊಸೆಯ ಪ್ರಬಂಧ ನಿಂತುಹೋಗಿದೆ. ಅವಳನ್ನು ಮೌಖಿಕ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದೀರಿ. ಅದಕ್ಕಾಗಿ ಈ ಪತ್ರ. ಇದನ್ನು ಪತ್ರಿಕೆಯ ಮೂಲಕ ಬರೆಯುತ್ತಿರುವುದು ಯಾಕೆ ಎಂದರೆ, ನಿಮ್ಮ ಕಚೇರಿಗೆ ನಾನು ಮೊದಲು ಬರೆದ ಪತ್ರಕ್ಕೆ ಉತ್ತರ ಕೊಟ್ಟದ್ದು ಒಂದು ಯಂತ್ರ. 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂದಿತ್ತು. ನಾನು ಕಳಿಸಿದ್ದು ಅನಿಸಿಕೆಯಲ್ಲ, ದೂರು. ಇವೆರಡರ ವ್ಯತ್ಯಾಸ ತಿಳಿಯದ ಯಂತ್ರವನ್ನು ನಿಮ್ಮ ಬಾಗಿಲಲ್ಲೇ ಕೂರಿಸಿಕೊಂಡಿದ್ದೀರಲ್ಲ, ಅದು ಯಾರ ಪ್ರಬಂಧ?

ಓದುವವರಿಗೂ ವಿಷಯ ತಿಳಿಯಲಿ. ನಮ್ಮದೊಂದು ಲಾಂಡ್ರಿ. ಆಸ್ಪತ್ರೆಗಳ, ವಸತಿಗೃಹಗಳ ಬಟ್ಟೆ ನಮ್ಮಲ್ಲಿಗೆ ಬರುತ್ತದೆ. ಒಗೆಯಲು ಯಂತ್ರವಿದೆ, ಒಣಗಿಸಲು ಯಂತ್ರವಿದೆ. ಮಡಚುವುದು ಮಾತ್ರ ಕೈಯ ಕೆಲಸ. ದೊಡ್ಡ ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಆ ತುದಿಯ ಮೂಲೆಗಳನ್ನು ಒಬ್ಬರು, ಈ ತುದಿಯವನ್ನು ಇನ್ನೊಬ್ಬರು ಹಿಡಿದು ಜಗ್ಗಿ ಸುಕ್ಕು ಬಿಡಿಸಬೇಕು, ಅಂಚಿಗೆ ಅಂಚು ಕೂಡಿಸಬೇಕು, ಮತ್ತೆ ಜಗ್ಗಬೇಕು, ಆಮೇಲೆ ಎದುರುಬದುರು ನಡೆದು ಬಂದು ಒಬ್ಬರ ಕೈಯಿಂದ ಇನ್ನೊಬ್ಬರು ಬಟ್ಟೆ ತೆಗೆದುಕೊಳ್ಳಬೇಕು. ಹೇಳಲು ಹೋದರೆ ಇಷ್ಟುದ್ದ, ಮಾಡಲು ಒಂದು ಉಸಿರು. ಈಗ ಜಗ್ಗು, ಈಗ ಬಿಡು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಎದುರಿನವರು ಜಗ್ಗಿದ್ದು ನಮ್ಮ ಬೆರಳಿಗೆ ಗೊತ್ತಾಗುತ್ತದೆ, ಅಷ್ಟೆ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಎರಡು ದಿನ ನಿಂತರೆ ನಿಮಗೂ ಬಂದೀತು.

ನನ್ನ ಸೊಸೆ ಎಂಜಿನಿಯರಿಂಗ್ ಓದಿ ನಮ್ಮ ಮನೆಗೆ ಬಂದವಳು. ಕೆಲವು ವರ್ಷ ನಮ್ಮ ಅಂಗಡಿಯ ಗಲ್ಲೆಯಲ್ಲಿ ಕೂತಳು. ಒಂದು ದಿನ ಮತ್ತೆ ಓದಬೇಕು ಎಂದಳು.

"ಏನ್ ಓದ್ತೀಯ?" ಎಂದೆ.

"ಮನುಷ್ಯರ ಜೊತೆ ಸೇರಿ ಕೆಲಸ ಮಾಡೋ ಯಂತ್ರಗಳನ್ನ ಹೇಗೆ ರೂಪಿಸೋದು ಅಂತ, ಅತ್ತೆ."

"ಮನುಷ್ಯರ ಜೊತೆ ಸೇರಿ ಕೆಲಸ ಮಾಡೋದು ಮನುಷ್ಯರಿಗೇ ಬರಲ್ಲ. ಯಂತ್ರಕ್ಕೆ ಬರುತ್ತಾ?"

"ಅದಕ್ಕೇ ಎರಡು ವರ್ಷದ ಕೋರ್ಸು."

ಉತ್ತರ ಚೆನ್ನಾಗಿತ್ತು. ಹಾಗೆಂದು ಅವಳೆದುರು ಹೇಳಲಿಲ್ಲ. ಹೋಗು ಎಂದೆ.

ಅವಳು ಆರಿಸಿಕೊಂಡದ್ದು ಬೆಡ್‌ಶೀಟು ಮಡಚುವ ಕೆಲಸವನ್ನೇ. ಒಂದು ತುದಿ ಮನುಷ್ಯರ ಕೈಯಲ್ಲಿ, ಇನ್ನೊಂದು ತುದಿ ಯಂತ್ರದ ಎರಡು ತೋಳುಗಳಲ್ಲಿ. ನಿಮ್ಮ ಪ್ರಯೋಗಾಲಯದಿಂದ ಅದನ್ನು ತಂದು ನಮ್ಮ ಮಡಚುವ ಕೋಣೆಯ ಕಿಟಕಿಯ ಪಕ್ಕ ನಿಲ್ಲಿಸಿದಳು. ನೆಟ್ಟಗೆ ನಿಂತಿತ್ತು, ತೋಳು ಮುಂದೆ ಚಾಚಿಕೊಂಡು, ಯಾರಾದರೂ ಏನಾದರೂ ತಂದುಕೊಡಲಿ ಎಂದು ಕಾಯುವ ಹಾಗೆ. ಇಸ್ತ್ರಿ ಮೇಜಿನ ಅಕ್ಕ ಒಂದು ಸುತ್ತು ಹಾಕಿ ನೋಡಿ, "ಅಳಿಯ ಬಂದ. ಇನ್ನು ಉಪಚಾರ ಮಾಡಿ" ಎಂದಳು. ಅವತ್ತಿನಿಂದ ಅದರ ಹೆಸರು ಅಳಿಯ. ನಿಮ್ಮ ಕಡತದಲ್ಲಿ ಅದಕ್ಕೆ ಇನ್ನೂ ಉದ್ದದ ಹೆಸರಿದೆಯಂತೆ. ನಮ್ಮಲ್ಲಿ ಆ ಹೆಸರಿಗೆ ಯಾರೂ ತಿರುಗಿ ನೋಡುವುದಿಲ್ಲ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಅಳಿಯನ ಹಣೆಯ ಮೇಲೆ ಒಂದು ದೀಪವಿದೆ. ಹಸಿರು ಬಂದಾಗ ಬಟ್ಟೆ ಜಗ್ಗಬೇಕು, ಹಳದಿ ಬಂದಾಗ ಮುಂದೆ ನಡೆಯಬೇಕು, ಕೆಂಪು ಬಂದರೆ ಸುಮ್ಮನೆ ನಿಲ್ಲಬೇಕು. ಇದು ನನ್ನ ಸೊಸೆ ಮಾಡಿದ ನಿಯಮವಲ್ಲ. ನಿಮ್ಮ ವಿಭಾಗದಲ್ಲಿ ಪ್ರಯೋಗಕ್ಕೆ ನಿಲ್ಲುವ ಎಲ್ಲರೂ ಪಾಲಿಸಬೇಕಾದ ನಿಯಮ. ನಾನು ಪಾಲಿಸಲಿಲ್ಲ. ಬಟ್ಟೆ ನೋಡುವ ಕಣ್ಣಿನಲ್ಲಿ ದೀಪ ನೋಡುವುದು ನನಗೆ ಆಗಲಿಲ್ಲ. "ಅತ್ತೆ, ದೀಪ ನೋಡಿ" ಎಂದು ಅವಳು ಗೋಗರೆದಳು. "ನೋಡಿದೆ, ಚೆನ್ನಾಗಿದೆ" ಎಂದೆ. ಅಳಿಯ ತನ್ನ ಪಾಡಿಗೆ ತಾನು ಜಗ್ಗಿದಾಗ ನಾನು ಬಟ್ಟೆ ಬಿಟ್ಟುಬಿಟ್ಟೆ. ಅದು ಬೆಡ್‌ಶೀಟನ್ನು ತಲೆಯ ಮೇಲೆ ಹೊದ್ದುಕೊಂಡು ನಿಂತಿತು. ಇಸ್ತ್ರಿ ಅಕ್ಕ, "ಅಳಿಯನಿಗೆ ನಾಚಿಕೆ" ಎಂದಳು. ನಾನು ಅದಕ್ಕೆ ಬೈದೆ ಎಂದೂ ನಿಮ್ಮವರು ಬರೆದಿದ್ದಾರೆ. ಬೈದದ್ದು ನಿಜ. ನಾನು ಯಾರ ಜೊತೆ ಕೆಲಸ ಮಾಡುತ್ತೇನೋ ಅವರಿಗೆ ಬೈಯುತ್ತೇನೆ. ಅಳಿಯನಿಗೆ ಬೇರೆ ಮರ್ಯಾದೆ ಕೊಡಲು ಅದು ನಿಜವಾದ ಅಳಿಯನೇ?

ಅವಳ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ನನ್ನನ್ನು ಬಿಟ್ಟು, ಹೇಳಿದ ಮಾತು ಕೇಳುವ ಇನ್ನೊಬ್ಬರನ್ನು ಹುಡುಕುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ. ಗೋಡೆಗೆ ಒರಗಿ ಕೂತು ನನ್ನ ಕೈಯನ್ನೇ ನೋಡಿದಳು. ಆಮೇಲೆ ಯಂತ್ರದ ಬೆರಳುಗಳಲ್ಲಿ ಏನೋ ಬದಲಾಯಿಸಿದಳು. ಮತ್ತೆ ನೋಡಿದಳು, ಮತ್ತೆ ಬದಲಾಯಿಸಿದಳು. ದೀಪ ನೋಡದವರ ಜೊತೆಯಲ್ಲೂ ಇದು ಕೆಲಸ ಮಾಡಬೇಕು, ಬಟ್ಟೆಯ ಬಿಗಿ ನೋಡಿಕೊಂಡು ಯಾವಾಗ ಜಗ್ಗಬೇಕು ಯಾವಾಗ ಸಡಿಲ ಬಿಡಬೇಕು ಎಂದು ತಾನೇ ತಿಳಿಯಬೇಕು ಎಂಬುದು ಅವಳ ತಲೆಗೆ ಬಂದ ವಿಚಾರ, ನನ್ನದಲ್ಲ. ನನ್ನ ಪಾಲು ಬರೀ ಹಠ. ಆ ಹಠವನ್ನು ಕಚ್ಚಾ ಸಾಮಗ್ರಿ ಮಾಡಿಕೊಂಡವಳು ಅವಳು. ಹೇಗೆ ಮಾಡಿದಳು ಎಂದು ಕೇಳಿದರೆ ನನಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಕೊಂಡು ಅಂಕ ಹಾಕಲಿ ಎಂದೇ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿರುವುದು.

ಕೊನೆಗೊಂದು ಮಧ್ಯಾಹ್ನ ನಾನು ಅಳಿಯನ ಎದುರು ನಿಂತು ಮಡಚುತ್ತಿದ್ದೆ. ವಸತಿಗೃಹದ ಮ್ಯಾನೇಜರು ಬಂದು ದಿಂಬಿನ ಚೀಲಗಳು ಬದಲಾಗಿವೆ ಎಂದು ಜಗಳ ತೆಗೆದರು. ನಾನೂ ಬಿಡಲಿಲ್ಲ. ಅವರದ್ದು ಒಂದು ಮಾತು, ನನ್ನದು ಎರಡು. ಅವರು ಹೋದ ಮೇಲೆ ತಿರುಗಿ ನೋಡಿದರೆ ಪಕ್ಕದ ಮೇಜಿನ ಮೇಲೆ ಬೆಡ್‌ಶೀಟುಗಳ ದೊಡ್ಡ ಅಟ್ಟಿ. ಅಂಚಿಗೆ ಅಂಚು ಕೂತಿತ್ತು. ನಾನೇ ಮಡಚಿದ್ದೆ, ಅಳಿಯನ ಜೊತೆ, ಒಂದು ಸಲವೂ ಅದರ ಮುಖ ನೋಡದೆ. ಸೊಸೆ ನೆಲದ ಮೇಲೆ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಯಾಕೆ, ಏನಾಯ್ತು?"

"ಏನಿಲ್ಲ ಅತ್ತೆ. ನೀವು ಅದನ್ನ ಮರೆತೇಬಿಟ್ರಿ."

ಅದೇ ಅವಳಿಗೆ ಬೇಕಾಗಿದ್ದುದಂತೆ. ನಿಮ್ಮ ಸಮಿತಿ ಹೊಡೆದುಹಾಕಿದ ಪ್ರಯೋಗಗಳಲ್ಲಿ ಈ ಮಧ್ಯಾಹ್ನವೇ ಮೊದಲನೆಯದು. ಕಾರಣ: 'ಬಳಕೆದಾರಳು ದೀಪದ ಕಡೆ ಗಮನ ಕೊಟ್ಟಿಲ್ಲ, ಮೂರನೆಯ ವ್ಯಕ್ತಿಯೊಂದಿಗೆ ಸಂಭಾಷಣೆಯಲ್ಲಿ ತೊಡಗಿದ್ದಾಳೆ.' ಸಂಭಾಷಣೆ ಎಂದು ಬರೆದವರು ಯಾರೋ, ತುಂಬಾ ಒಳ್ಳೆಯ ಮನೆಯಿಂದ ಬಂದವರಿರಬೇಕು.

ನನ್ನ ಬದಲಿಗೆ ನಿಮ್ಮ ವಿಭಾಗದ ವಿದ್ಯಾರ್ಥಿಗಳನ್ನು ನಿಲ್ಲಿಸಿ ಮತ್ತೆ ಪ್ರಯೋಗ ಮಾಡಿ ಎಂದು ಅವಳಿಗೆ ಸಲಹೆ ಕೊಟ್ಟಿದ್ದೀರಿ. ನಾಲ್ಕಾರು ಮಕ್ಕಳು ಬಂದಿದ್ದರು. ಒಳ್ಳೆಯ ಮಕ್ಕಳು, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದರು. ದೀಪ ಹಸಿರಾದಾಗ ಜಗ್ಗಿದರು, ಹಳದಿಯಾದಾಗ ನಡೆದರು, ಕೆಂಪಾದಾಗ ಕಂಬದ ಹಾಗೆ ನಿಂತರು. ಮಡಚಿ ಮುಗಿಸಿದ್ದು ಬೆಡ್‌ಶೀಟೋ ಒದ್ದೆ ಪತ್ರಿಕೆಯೋ ಹೇಳುವುದು ಕಷ್ಟವಿತ್ತು. ಆದರೂ ಅವರೆಲ್ಲ ನಿಮ್ಮ ಲೆಕ್ಕದಲ್ಲಿ ಸಹಕಾರಿಗಳು. ಯಾರಿಗೆ ಸಹಕಾರಿಗಳು, ಮಾನ್ಯರೇ? ಯಂತ್ರ ಮನುಷ್ಯರ ಜೊತೆ ದುಡಿಯುವುದನ್ನು ಕಲಿಯಲಿ ಎಂದು ನೀವು ವಿಭಾಗ ತೆರೆದಿರಿ. ಪರೀಕ್ಷೆ ಮಾಡುವಾಗ ಮಾತ್ರ ಮನುಷ್ಯರೇ ಯಂತ್ರದ ಹಾಗೆ ನಿಂತಿರಬೇಕು ಎನ್ನುತ್ತೀರಿ. ಮಾತು ಕೇಳುವವರ ಜೊತೆ ಯಾರು ಬೇಕಾದರೂ ಕೆಲಸ ಮಾಡುತ್ತಾರೆ. ಅದಕ್ಕೆ ಬುದ್ಧಿವಂತ ಯಂತ್ರ ಯಾಕೆ ಬೇಕು? ಈ ಲೋಕದಲ್ಲಿ ಗಂಟುಮುಖದವರಿದ್ದಾರೆ, ಕಿವಿ ಮಂದವಾದವರಿದ್ದಾರೆ, ಅರ್ಧ ಕೆಲಸದಲ್ಲಿ ಫೋನು ಎತ್ತಿಕೊಳ್ಳುವವರಿದ್ದಾರೆ, ನನ್ನಂಥವರಿದ್ದಾರೆ. ನಮ್ಮನ್ನೆಲ್ಲ ಸೋಸಿ ತೆಗೆದ ಮೇಲೆ ನಿಮ್ಮ ಜರಡಿಯಲ್ಲಿ ಉಳಿಯುವ ಮನುಷ್ಯರು ಯಾರು? ಅವರನ್ನು ಒಂದು ಸಲ ನೋಡುವ ಆಸೆ ನನಗಿದೆ. ನನ್ನ ಮನೆಯಲ್ಲಂತೂ ಯಾರೂ ಇಲ್ಲ.

ನಾನು ನಿಮ್ಮ ಕಚೇರಿಗೂ ಬಂದಿದ್ದೆ, ನಿಮಗೆ ನೆನಪಿರಬಹುದು. ಎದ್ದು ಕುರ್ಚಿ ಕೊಟ್ಟಿರಿ, ನೀರು ತರಿಸಿದಿರಿ. ಮರ್ಯಾದಸ್ಥರು. "ಅಮ್ಮಾ, ಇದರಲ್ಲಿ ವೈಯಕ್ತಿಕ ಏನೂ ಇಲ್ಲ" ಎಂದಿರಿ.

"ವೈಯಕ್ತಿಕ ಏನೂ ಬೇಡ ಅಂದ್ರೆ ವ್ಯಕ್ತಿಗಳನ್ನ ಯಾಕೆ ಕರೆದ್ರಿ?" ಎಂದೆ.

ನೀವು ನಕ್ಕಿರಿ. ಆಮೇಲೆ ಒಂದು ಮಾತು ಹೇಳಿದಿರಿ: "ಒಬ್ಬೊಬ್ಬರೂ ತಮಗೆ ತೋಚಿದ ಹಾಗೆ ಮಾಡಿದ್ರೆ ಒಂದನ್ನ ಇನ್ನೊಂದರ ಜೊತೆ ಹೋಲಿಸೋದು ಹೇಗಮ್ಮ?" ಅದು ನ್ಯಾಯವಾದ ಪ್ರಶ್ನೆ. ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಒಪ್ಪುತ್ತೇನೆ, ನನ್ನನ್ನೂ ಆ ಮಕ್ಕಳನ್ನೂ ಒಂದೇ ಗುಂಪಿಗೆ ಹಾಕಲಾಗದು. ನಮ್ಮಲ್ಲಿಯೂ ಕಲೆಯಾದ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಹಾಕುವುದಿಲ್ಲ. ಬೇರೆಯಾಗಿ ಇಡುತ್ತೇವೆ, ಬೇರೆಯಾಗಿ ಒಗೆಯುತ್ತೇವೆ, ಬೇರೆಯಾಗಿ ಚೀಟಿ ಹಚ್ಚುತ್ತೇವೆ. ಕಲೆಯಿದೆ ಎಂದು ಗಿರಾಕಿಯ ಬಟ್ಟೆಯನ್ನು ಬೀದಿಗೆ ಎಸೆಯುವುದಿಲ್ಲ. ನನ್ನನ್ನು ಬೇರೆ ಅಧ್ಯಾಯದಲ್ಲಿ ಇಡಿ. ಎಸೆಯಬೇಡಿ.

ಇದರಲ್ಲಿ ನನಗೆ ಸ್ವಾರ್ಥವಿದೆ ಎಂದು ನೀವು ತಿಳಿಯಬಹುದು. ಸ್ವಾರ್ಥವಿದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅವಳು ಓದು ಬಿಟ್ಟರೆ ನನಗೆ ಲಾಭ: ಗಲ್ಲೆಗೆ ಮತ್ತೆ ಜನ ಸಿಗುತ್ತಾರೆ, ಮಗನ ಗೊಣಗಾಟ ನಿಲ್ಲುತ್ತದೆ. ಹೋದ ವಾರ ಅವಳು ಅಳಿಯನ ತೋಳುಗಳನ್ನು ಮಡಚಿ, ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿ, ಸೋಮವಾರದಿಂದ ಅಂಗಡಿಗೆ ಬರುತ್ತೇನೆ ಎಂದಳು. ನಾನು ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದೆ.

"ನನ್ನನ್ನ ತೆಗೆದುಹಾಕು. ಆ ಮಕ್ಕಳ ಲೆಕ್ಕ ಬರೆದುಕೊಡು, ಪಾಸಾಗು. ನನಗೇನೂ ಬೇಜಾರಿಲ್ಲ."

"ನಿಮ್ಮನ್ನ ತೆಗೆದ್ರೆ ಬರೆಯೋಕೆ ಏನಿದೆ ಅತ್ತೆ? ದೀಪ ಉರೀತು, ಜನ ಜಗ್ಗಿದ್ರು ಅಂತ ಬರೀಲಾ?"

"ಹಠ ಮಾಡಬೇಡ."

"ನಾನು ಅದನ್ನ ಯಾರಿಂದ ಕಲಿತೆ, ಅತ್ತೆ?"

ಮಾನ್ಯರೇ, ಅತ್ತೆಯನ್ನು ಬಿಟ್ಟುಕೊಡುವುದಿಲ್ಲ ಎಂದು ಸೊಸೆಯೊಬ್ಬಳು ಪದವಿಯನ್ನೇ ಬಿಡಲು ಹೊರಟಿದ್ದಾಳೆ. ನಿಮ್ಮ ಇಷ್ಟು ವರ್ಷದ ಸಂಶೋಧನೆಯಲ್ಲಿ ಇಂಥದ್ದು ಎಷ್ಟು ಸಲ ಕಂಡಿದ್ದೀರಿ? ಇಬ್ಬರು ಜೊತೆಯಾಗಿ ದುಡಿಯುವುದು ಹೇಗೆಂಬುದರ ಮೇಲೆ ನಿಮಗೆ ನಿಜವಾಗಿ ಆಸಕ್ತಿಯಿದ್ದರೆ, ಯಂತ್ರವನ್ನು ಪಕ್ಕಕ್ಕಿಟ್ಟು ಇದನ್ನೇ ಅಧ್ಯಯನ ಮಾಡಬಹುದಿತ್ತು.

ಈ ಪತ್ರ ಬರೆಯಬೇಡಿ ಎಂದು ಅವಳು ಕೈ ಹಿಡಿದು ಕೇಳಿಕೊಂಡಳು, ನೀವು ಸಿಟ್ಟಾಗುತ್ತೀರಂತೆ. ಸಿಟ್ಟಾಗಿ, ತೊಂದರೆಯಿಲ್ಲ. ಸಿಟ್ಟಾದವರೂ ಬೆಡ್‌ಶೀಟು ಮಡಚುವಂತಾಗಬೇಕು ಎಂಬುದೇ ಅವಳ ಪ್ರಬಂಧದ ಸಾರ.

ನನ್ನ ಬೇಡಿಕೆ ಇಷ್ಟೆ. ಹೊಡೆದುಹಾಕಿದ ಪ್ರಯೋಗಗಳನ್ನು ಬೇರೆ ಅಧ್ಯಾಯವಾಗಿ ವಾಪಸು ಸೇರಿಸಿ ಅವಳನ್ನು ಮೌಖಿಕ ಪರೀಕ್ಷೆಗೆ ಕೂರಿಸಿ. ಅವತ್ತು ಆ ಕೋಣೆಗೆ ಅಳಿಯನನ್ನು ತರಿಸಿ, ದೀಪಕ್ಕೆ ಒಂದು ಬಟ್ಟೆ ಕಟ್ಟಿ, ನೀವೇ ಒಂದು ತುದಿ ಹಿಡಿಯಿರಿ. ಮಡಚುತ್ತಾ ಅವಳಿಗೆ ನಿಮ್ಮ ಕಠಿಣ ಪ್ರಶ್ನೆಗಳನ್ನು ಕೇಳಿ. ಬೆಡ್‌ಶೀಟು ನೆಟ್ಟಗೆ ಬಾರದಿದ್ದರೆ, ಅವಳ ಉತ್ತರ ಸರಿಯಿಲ್ಲದಿದ್ದರೆ, ಧಾರಾಳವಾಗಿ ನಪಾಸು ಮಾಡಿ. ನಾನು ಒಂದು ಮಾತೂ ಆಡುವುದಿಲ್ಲ. ಅದು ನಿಮ್ಮ ಅಧಿಕಾರ. ಆದರೆ ನನ್ನ ಗುಣಕ್ಕಾಗಿ ಅವಳನ್ನು ನಪಾಸು ಮಾಡುವುದು ಬೇಡ. ಸೊಸೆಯನ್ನು ನಪಾಸು ಮಾಡುವ ಅಧಿಕಾರ ಅವಳು ಹೊಸಿಲು ದಾಟಿದ ದಿನದಿಂದ ನನ್ನ ಕೈಯಲ್ಲೂ ಇತ್ತು. ತಪ್ಪು ಸಿಗಲಿ ಎಂದು ಬಹಳ ಕಾದೆ. ಅವಳು ಅವಕಾಶ ಕೊಡಲಿಲ್ಲ.

ಇಂತಿ,
ತಿದ್ದಿಕೊಳ್ಳುವ ವಯಸ್ಸು ದಾಟಿಬಿಟ್ಟ,
ಲಾಂಡ್ರಿಯ ಅತ್ತೆ