ಹದಿನೆಂಟು ಎಣ್ಣೆ ತೂತುಗಳು

ಮಾರ್ಚ್ ೧೨, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಈ ಮಾದರಿಯ ಇಪ್ಪತ್ತಾರು ಉಗಿ ಎಂಜಿನ್‌ಗಳಲ್ಲಿ ಗುಜರಿಗೆ ಹೋಗದೆ ಉಳಿದದ್ದು ಇದೊಂದೇ. ಮ್ಯೂಸಿಯಂನವರು ಚಂದ ಕಾಣಲೆಂದು ಅದರ ಎಣ್ಣೆ ತೂತುಗಳನ್ನೂ ಬಿಡದೆ ಕಪ್ಪು ಬಣ್ಣ ಬಳಿಸಿದ್ದಾರೆ! ಮೊಳೆ ಹಿಡಿದು ಒಂದೊಂದನ್ನೇ ಕೆರೆದು ಬಿಡಿಸಿ ಎಣ್ಣೆ ಬಿಟ್ಟೆ.

ಮೇಲ್ವಿಚಾರಕ ಓಡಿಬಂದ. "ಅಜ್ಜಾ, ಇದು ಇನ್ನು ಓಡಲ್ಲ. ಎಣ್ಣೆ ಯಾಕೆ?"

"ನಾನೂ ರಿಟೈರಾಗಿದೀನಪ್ಪ. ಹಾಗಂತ ಊಟ ಬಿಟ್ಟಿದೀನಾ?"

ನಾಳೆ ಮತ್ತೆ ಬಳಿಸುತ್ತಾನಂತೆ. ಬಳಿಸಲಿ. ಮೂವತ್ತು ವರ್ಷ ಇದರ ಫಿಟ್ಟರ್ ಆಗಿದ್ದವನು ನಾನು. ಕಣ್ಣು ಮುಚ್ಚಿದರೂ ಆ ಹದಿನೆಂಟು ತೂತುಗಳು ಬೆರಳಿಗೆ ಸಿಗುತ್ತವೆ. ಮೊಳೆ ಅಂಗಿಯ ಜೇಬಿನಲ್ಲೇ ಇದೆ. ಆ ಅಂಗಿಯನ್ನು ಒಗೆಯಲು ಹಾಕಬೇಡ ಎಂದು ಇವಳಿಗೆ ಹೇಳಿಟ್ಟಿದ್ದೇನೆ.