ಮೇಸ್ತ್ರಿಯ ಸ್ವೆಟರ್

ಜನವರಿ ೧೨, ರಾತ್ರಿ

ಈ ಪರದೇಶದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಬಾಯಿ ಮುಚ್ಚಿಕೊಂಡು ನಿಂತೆ. ಥೂ, ನನ್ನ ಜನ್ಮಕ್ಕೆ!

ಬೆಳಿಗ್ಗೆ ನಾನು ನಡುಗುವುದನ್ನು ಕಂಡು ಲಾಂಡ್ರಿಯ ಮೇಸ್ತ್ರಿ ಗೂಟದಲ್ಲಿದ್ದ ಸ್ವೆಟರ್ ತೆಗೆದು ತಾನೇ ತೊಡಿಸಿದ. "ಹಾಕ್ಕೊಳಯ್ಯ, ಸೆಟೆದು ಹೋಗ್ತೀಯ" ಅಂದ. ನನಗೆ ಕಣ್ಣು ತುಂಬಿ ಬಂತು. ಮಧ್ಯಾಹ್ನ ಇಸ್ತ್ರಿ ಮಾಡುವ ಅಕ್ಕ ಕಾಲುನೋವೆಂದು ಕೂತಾಗ ಅದೇ ಮನುಷ್ಯ ಅವಳ ಸ್ಟೂಲನ್ನು ಒದ್ದ. ಊರಲ್ಲಿ ಕಾರ್ಮಿಕ ಸಂಘದ ಕರಪತ್ರಗಳನ್ನೆಲ್ಲ ಬಾಯಿಪಾಠ ಮಾಡಿದ ನಾನು ಸ್ವೆಟರಿನ ತೋಳು ಎಳೆದುಕೊಳ್ಳುತ್ತಿದ್ದೆ.

ಆಮೇಲೆ ಅಕ್ಕ ನನ್ನ ಮೊಣಕೈ ಮುಟ್ಟಿ ನೋಡಿದಳು. "ಈ ತೇಪೆ ನಾನೇ ಹಾಕಿದ್ದು ಕಣಪ್ಪ. ಹೊಸಬರಿಗೆಲ್ಲ ಇದನ್ನೇ ಕೊಡ್ತಾನೆ. ಬೆಚ್ಚಗಿದೆಯಾ?"

ಬೆಚ್ಚಗಿದೆ, ಅದಕ್ಕೇ ಮೈಯೆಲ್ಲ ಉರಿಯುತ್ತಿದೆ. ನಾಳೆ ಇದನ್ನು ಅವನ ಮುಖಕ್ಕೆಸೆದು ಅಕ್ಕನಿಗೆ ಕೂರಲು ಸ್ಟೂಲು ಕೇಳುತ್ತೇನೆ. ಈ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಬೆಳಗಾಗುವವರೆಗೆ ಮಾತ್ರ ಮೈಮೇಲಿರಲಿ, ಆಮೇಲೆ...