ಕೇಳಿದೆ

ಮಾರ್ಚ್ ೪, ಸೋಮವಾರ

…ಕನ್ನಡಕ ಸಿಕ್ಕಿಸಿಕೊಳ್ಳೋಕೆ ಅಂತಲೇ ಕಿವಿ ಕೊಟ್ಟಿದ್ದಾನೆ ದೇವರು — ಅಮ್ಮ ಹೀಗೆ ಅನ್ನುತ್ತಿದ್ದದ್ದು ಅಪ್ಪನನ್ನು ಕುರಿತೇ ಇರಬೇಕು. ಅಥವಾ ನನ್ನನ್ನೋ. ಪೂರ್ತಿ ನೆನಪಾಗುತ್ತಿಲ್ಲ. ಮಾತಿನ ಬಾಲ ಮಾತ್ರ ಉಳಿದಿದೆ.

ಇವತ್ತು ಒಂಬತ್ತು ಜನ. ಕಿವಿ ಪರೀಕ್ಷೆಯ ಕೋಣೆಯೊಳಗೆ ಧಗೆ. ಸದ್ದು ಬರಬಾರದೆಂದು ಕಟ್ಟಿದ ಗೋಡೆ ಗಾಳಿಯನ್ನೂ ಬಿಡುವುದಿಲ್ಲ. ಗಾಜಿನ ಆಚೆ ಅವರು, ಈಚೆ ನಾನು. ಹೆಡ್‌ಫೋನ್ ಹಾಕಿ ಕೈಗೆ ಬಟನ್ ಕೊಟ್ಟು ಇಪ್ಪತ್ತಾರು ವರ್ಷದಿಂದ ಅದೇ ಪಾಠ: "ಎಷ್ಟು ಸಣ್ಣಗೆ ಕೇಳಿಸಿದ್ರೂ ಒತ್ತಿ. ಕೇಳಿಸದೆ ಒತ್ತಬೇಡಿ."

ಕೊನೆಗೆ ಬಂದವರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ನಾನು ಶಬ್ದ ಕಳಿಸುವ ಮೊದಲೇ ಒತ್ತಿದರು. ಮತ್ತೆ ಒತ್ತಿದರು. ಮೈಕಿನಲ್ಲಿ ಗಟ್ಟಿಯಾಗಿ ಹೇಳಿದೆ, "ಅಜ್ಜಾ, ನಾನಿನ್ನೂ ಏನೂ ಬಿಟ್ಟಿಲ್ಲ."

"ಗೊತ್ತಮ್ಮ. ಈ ಹೊತ್ತಿಗೆ ಬರಬೇಕಿತ್ತಲ್ಲ ಅಂತ ಒತ್ತಿದೆ."

ನಕ್ಕೆ. ಆಮೇಲೆ ನಗು ಬರಲಿಲ್ಲ. ನಾನು ಪ್ರಾರ್ಥನೆ ಬಿಟ್ಟು ಹನ್ನೊಂದು ವರ್ಷ. ಅಮ್ಮನ ಹಾಸಿಗೆಯ ಪಕ್ಕದಲ್ಲಿ ನಾನೂ ಹೀಗೇ… ಈ ಹೊತ್ತಿಗೆ ಬರಬೇಕಿತ್ತಲ್ಲ ಎಂದು.

ಮಾರ್ಚ್ ೬

ತಂಗಿ ಬಂದಿದ್ದಳು, ಮಗಳು ಚೂಟಿಯನ್ನು ಕಂಕುಳಲ್ಲಿ ಹೊತ್ತು. ಜುಲೈಗೆ ಐದು ತುಂಬುವ ಹುಡುಗಿ, ಕಾಲು ಜೋತಾಡುತ್ತಿತ್ತು. ಹುಟ್ಟುಕಿವುಡಿ. ಈ ಪದ ನಮ್ಮ ಮನೆಯಲ್ಲಿ ನಾನೊಬ್ಬಳೇ ಆಡುವುದು. ತಂಗಿ 'ಇನ್ನೂ ಮಾತು ಬಂದಿಲ್ಲ' ಅನ್ನುತ್ತಾಳೆ. ಅವಳ ಗಂಡ 'ಕರ್ತನ ಸಮಯ ಬಂದಿಲ್ಲ' ಅನ್ನುತ್ತಾನೆ.

ಒಳಗಿವಿಯಲ್ಲಿ ಕೂರಿಸುವ ಯಂತ್ರವೊಂದಿದೆ. ಅದನ್ನು ಕೂರಿಸುವ ಸರ್ಜನ್ ನಮ್ಮ ಆಸ್ಪತ್ರೆಗೆ ಬರುವುದು ವರ್ಷಕ್ಕೆ ಎರಡೇ ವಾರ — ಮಾರ್ಚಿನಲ್ಲೊಂದು, ಸೆಪ್ಟೆಂಬರಿನಲ್ಲೊಂದು. ಐದು ತುಂಬಿದ ಮಕ್ಕಳನ್ನು ಪಟ್ಟಿಗೆ ಸೇರಿಸುವುದಿಲ್ಲ. ತಡವಾದಷ್ಟೂ ಮಿದುಳಿಗೆ ಶಬ್ದವನ್ನು ಕಲಿಯುವುದು ಕಷ್ಟ. ಬೇರೆಲ್ಲಿಗಾದರೂ ಒಯ್ಯುವ ತಾಕತ್ತು ನಮ್ಮ ಯಾರಿಗೂ ಇಲ್ಲ. ಅಂದರೆ ಈ ತಿಂಗಳು. ಇಲ್ಲದಿದ್ದರೆ ಎಂದೂ ಇಲ್ಲ.

"ಒಪ್ಪಿದ್ರಾ ನಿಮ್ಮ ಯಜಮಾನ್ರು?"

"ಅರ್ಧ. ಸರ್ಜನ್ ಬರೋ ಅಷ್ಟರೊಳಗೆ ದೇವರು ವಾಸಿ ಮಾಡ್ಲಿಲ್ಲ ಅಂದ್ರೆ ಆಪರೇಷನ್ ಅಂತೆ."

"ಅಂತೂ ದೇವರಿಗೂ ವಾಯಿದೆ ಹಾಕಾಯ್ತು."

"ಅಕ್ಕಾ, ಮೊದ್ಲು ನಿನ್ನ ನಾಲಿಗೆಗೊಂದು ಆಪರೇಷನ್ ಮಾಡಿಸ್ಬೇಕು."

ಚೂಟಿ ನಮ್ಮಿಬ್ಬರ ಬಾಯನ್ನು ಸರದಿಯಂತೆ ನೋಡುತ್ತಿದ್ದಳು, ಟೇಬಲ್ ಟೆನಿಸ್ ಆಟ ನೋಡುವವರ ಹಾಗೆ.

ಮಾರ್ಚ್ ೧೦, ಭಾನುವಾರ

ಅವರ ಮನೆಯಲ್ಲಿ ಊಟ. ತಂಗಿಯ ಗಂಡ ವೈರಿಂಗ್ ಕೆಲಸದವನು. ಟೆಸ್ಟರ್ ಹಿಡಿದು ನೋಡದೆ ಒಂದು ವೈರನ್ನೂ ಮುಟ್ಟುವವನಲ್ಲ. ಮಗಳ ಬೆನ್ನ ಹಿಂದೆ ನಿಂತು ಫಟ್ಟೆಂದು ಚಪ್ಪಾಳೆ ತಟ್ಟಿದ. ತಿರುಗಿದಳು.

"ನೋಡಿದ್ರಾ ಅಕ್ಕಾ!"

"ಕಿಟಕಿ ನಿನ್ನ ಹಿಂದೆ ಇದೆ. ನಿನ್ನ ನೆರಳು ಅವಳ ತಟ್ಟೆ ಮೇಲೆ ಬಿತ್ತು, ತಿರುಗಿದ್ಲು."

"ನಿಮಗೆ ನೆರಳೇ ಕಾಣೋದು."

ಸಿಟ್ಟಿಲ್ಲದೆ ಅಂದ. ಅವನು ಒಳ್ಳೆಯವನು, ಅದೇ ಕಷ್ಟ. ಏಳು ವರ್ಷದ ಹಿಂದೆ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಿದ್ದವನು, ಒಂದು ಸಂಜೆ ಪ್ರಾರ್ಥನೆಯಲ್ಲಿ ಅತ್ತು ಎದ್ದವನು ಮತ್ತೆ ಮುಟ್ಟಲಿಲ್ಲ. ನಾನು ಕಣ್ಣಾರೆ ಕಂಡದ್ದು. ಒಮ್ಮೆ ಫಲಿಸಿದ ಪ್ರಾರ್ಥನೆಗಿಂತ ಅಪಾಯದ್ದು ಇನ್ನೊಂದಿಲ್ಲ.

"ಕೇಳಿದ್ರೆ ಕೊಡ್ತೀನಿ ಅಂತ ಯೇಸುಸ್ವಾಮಿನೇ ಹೇಳಿದಾರೆ ಅಕ್ಕಾ. ಕೇಳೋದಷ್ಟೇ ನಮ್ಮ ಕೆಲಸ."

"ಕೇಳೋದು ನಿನ್ನ ಮಗಳ ಕೆಲಸ ಆಗಿದ್ರೆ ಚೆನ್ನಾಗಿತ್ತು."

ತಂಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಮನೆಗೆ ನಡೆದು ಬರುವಾಗ ಅದೇ ತಲೆಯಲ್ಲಿ. ಬೇಡುವುದಕ್ಕೂ ಆಲಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಮನುಷ್ಯ ಕೇಳುತ್ತಾನೆ, ದೇವರು ಕೇಳುತ್ತಾನೆ. ಭಾಷೆ ಕೈ ತೊಳೆದುಕೊಂಡುಬಿಟ್ಟಿದೆ.

ಮಾರ್ಚ್ ೧೨, ಮಂಗಳವಾರ

ಫೈಲಿಗೆ ಹೊಸ ರಿಪೋರ್ಟ್ ಬೇಕಿತ್ತು. ಬೆಳಗ್ಗೆ ಅವಳಪ್ಪ ಚೂಟಿಯನ್ನು ಬಿಟ್ಟು ಹೋದ. ಮಕ್ಕಳಿಗೆ ಬಟನ್ ಇಲ್ಲ, ಮಣಿಯಾಟ: ಮಣಿಯನ್ನು ಕೆನ್ನೆಗೆ ಹಿಡಿದಿರಬೇಕು, ಸದ್ದು ಕೇಳಿದಾಗ ಡಬ್ಬಿಗೆ ಹಾಕಬೇಕು. ನಾಲ್ಕು ಮಣಿ ಸರಿಯಾಗಿ ಹಾಕಿದಳು. ಆಮೇಲೆ ತಿಳಿಯಿತು — ಕಳ್ಳಿ ನನ್ನ ಮೊಣಕೈ ನೋಡುತ್ತಿದ್ದಾಳೆ, ಯಂತ್ರದ ಗುಬುಟು ತಿರುಗಿಸುವಾಗ ಅದು ಅಲುಗುತ್ತದೆ. ಕುರ್ಚಿಯನ್ನು ಗೋಡೆಗೆ ತಿರುಗಿಸಿದೆ. ಯಂತ್ರದ ಕೊನೆಯ ಗೆರೆಯವರೆಗೂ ಕಳಿಸಿದೆ. ಮಣಿ ಕೆನ್ನೆಗೇ ಇತ್ತು. ಬೇಸರವಿಲ್ಲದೆ ಕಾಯುತ್ತಿದ್ದಳು.

ಯಂತ್ರದ ದೀಪ ಆರಿಸಿದ ಮೇಲೆ ಅಲ್ಲೇ ಕೂತು ಕೇಳಿಬಿಟ್ಟೆ. ಹನ್ನೊಂದು ವರ್ಷದ ಮೇಲೆ. ಜೋಡಿಸಿದ ಮಾತಿಲ್ಲ, ಕಣ್ಣೂ ಮುಚ್ಚಲಿಲ್ಲ. 'ಇದೊಂದು.' ಅಷ್ಟೆ.

ಮಧ್ಯಾಹ್ನ ಯಾರೋ ಅಂದರು, ಆಪರೇಷನ್ ಪಟ್ಟಿಯಲ್ಲಿ ಒಂದೇ ಜಾಗ ಉಳಿದಿದೆ ಎಂದು. ಓಡಿದೆ. ನಾನು ದೊಡ್ಡ ಡಾಕ್ಟರ ಮುಂದೆ ನಿಂತಿದ್ದಾಗಲೇ ಚೂಟಿಯ ಅಪ್ಪ ಬಂದು ಆಯಾಳ ಕೈಯಿಂದ ಅವಳನ್ನು ಕರೆದುಕೊಂಡು ಹೋಗಿದ್ದ.

"ನಿಮ್ಮವರಿಗೇ ಅಂತ ಕೊಡೋಕಾಗಲ್ಲ," ಅಂದರು ಡಾಕ್ಟರು. "ಆದ್ರೆ ಸರದಿ ಪ್ರಕಾರವೂ ಆ ಮಗುದೇ. ಹತ್ತೊಂಬತ್ತಕ್ಕೆ ಆಪರೇಷನ್. ಡೆಸ್ಕಿಂದ ಫೋನ್ ಹೋಗುತ್ತೆ, ಅಪ್ಪ ಅಮ್ಮ ಒಪ್ಪಿಗೆ ಹೇಳ್ಬೇಕು."

ನಾಲ್ಕು ಗಂಟೆಗೆ ನಮ್ಮ ಮೂವರ ವಾಟ್ಸಾಪ್ ಗುಂಪಿನಲ್ಲಿ ತಂಗಿ: 'ಅಕ್ಕ ಏನಾಯ್ತು?' ಹೊರಗೆ ಇನ್ನೂ ಮೂರು ಜನ ಕಾಯುತ್ತಿದ್ದರು. ಬರೆದೆ: 'ಕೇಳಿದೆ. ಬಂದು ಹೇಳ್ತೀನಿ.'

ಡಾಕ್ಟರನ್ನೋ, ಇನ್ನೊಬ್ಬನನ್ನೋ. ಎರಡಕ್ಕೂ ಆಗುತ್ತದೆ ಅಂದುಕೊಂಡೆ. ಖುಷಿಯಾಗಿದ್ದೆ.

ಮಾರ್ಚ್ ೧೩, ಬೆಳಗ್ಗೆ ಆರು

ರಾತ್ರಿ ತಡವಾಯಿತು, ತಂಗಿಯ ಮನೆಗೆ ಹೋಗಲಾಗಲಿಲ್ಲ. ಹಳ್ಳಿಯ ಕಿವಿ ತಪಾಸಣೆ ಕ್ಯಾಂಪಿಗೆ ವ್ಯಾನಿನಲ್ಲಿ. ಮೂರು ದಿನ. ಅಲ್ಲಿ ಸಿಗ್ನಲ್ ಇಲ್ಲವಂತೆ. ಫೋನ್ ತುಂಬ ತಂಗಿಯ ಗಂಡನ ಮೆಸೇಜು: 'ಸ್ತೋತ್ರ! ಸ್ತೋತ್ರ! ಅಕ್ಕಾ ನಿಜಾನಾ??' ಡೆಸ್ಕಿನವರು ರಾತ್ರಿಯೇ ಫೋನ್ ಮಾಡಿರಬೇಕು. 'ನಿಜ' ಎಂದು ಬರೆದೆ. ಬೆರಳು ನಿಲ್ಲಲಿಲ್ಲ — 'ಆಮೆನ್' ಎಂದೂ.

ಮಾರ್ಚ್ ೧೬, ಶನಿವಾರ

ಡೆಸ್ಕಿನವಳು ನಗುತ್ತಾ ಎದುರಾದಳು. "ಮೇಡಂ, ನಿಮ್ಮ ತಂಗಿ ಮಗುಗೆ ವಾಸಿ ಆಯ್ತಂತೆ!"

"ಯಾರಂದ್ರು?"

"ಅವರಪ್ಪನೇ. ಗುರುವಾರ ನಾನೇ ಫೋನ್ ಮಾಡಿದ್ನಲ್ಲ. ಆಪರೇಷನ್ ಬೇಡಮ್ಮ, ನಮ್ಮ ಮಗುಗೆ ಕೇಳಿದೆ, ಅವಳ ದೊಡ್ಡಮ್ಮನೇ ಟೆಸ್ಟ್ ಮಾಡಿ ಬರೆದಿದಾರೆ ಅಂದ್ರು. ಅಳ್ತಿದ್ರು ಪಾಪ. ನಂಗೂ ಕಣ್ಣಲ್ಲಿ ನೀರು."

ಕೇಳಿದೆ. ನಾನು ಕೇಳಿದೆ ಅಂದದ್ದು. ಅವರು ಓದಿದ್ದು ಮಗುವಿಗೆ ಕೇಳಿದೆ ಎಂದು. ತಂಗಿ ವಿಚಾರಿಸಿದ್ದು ಟೆಸ್ಟಿನ ಬಗ್ಗೆ. ಜಾಗದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ನನಗೊಬ್ಬಳಿಗೇ ಗೊತ್ತಿದ್ದದ್ದು.

ದೊಡ್ಡ ಡಾಕ್ಟರ ಹತ್ತಿರ ಹೋದೆ. ಜಾಗ ಮುಂದಿನ ಮಗುವಿಗೆ ಹೋಗಿದೆ. ಅಡ್ಮಿಟ್ ಆಗಿದೆ, ರಕ್ತ ಪರೀಕ್ಷೆ ಮುಗಿದಿದೆ. "ಸೆಪ್ಟೆಂಬರ್ ಹೊತ್ತಿಗೆ ಐದು ದಾಟಿರುತ್ತೆ, ಅಲ್ವಾ?" ಎಂದು ಅವರೇ ಫೈಲ್ ನೋಡಿ ಅವರೇ ಮುಚ್ಚಿದರು.

ಮಾರ್ಚ್ ೧೭, ಭಾನುವಾರ

ಹೇಳಿದೆ.

ತಂಗಿ ಮೊದಲು ನಕ್ಕಳು, ಅರ್ಥವಾಗದೆ. ಆಮೇಲೆ ಒಗೆದ ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು. ಒಂದೇ ಟವೆಲ್ಲನ್ನು ನಾಲ್ಕು ಸಲ.

"ಇನ್ನೊಂದು ಪದ ಬರೀಬಹುದಿತ್ತಲ್ಲ ಅಕ್ಕ. ಒಂದೇ ಒಂದು. 'ನಾನು' ಅಂತ."

"ನೀವು ಇಷ್ಟು ದಿನ ಅವಳನ್ನ ನೋಡ್ಲಿಲ್ವಾ? ಕರೆದ್ರೆ ತಿರುಗಿದ್ಲಾ?"

"ತಿರುಗಿದ್ಲು," ಅಂದಳು. "ನೀನು ಹೇಳಿದ್ಮೇಲೆ ಪ್ರತಿ ಸಲಾನೂ ತಿರುಗಿದ ಹಾಗೇ ಕಾಣ್ತಿತ್ತು."

ಅವನು ಬಾಗಿಲ ಹತ್ತಿರ ನಿಂತಿದ್ದ. ಬುಧವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ, ಮಗಳಿಗೆ ವಾಸಿಯಾಯಿತೆಂದು ಸಾಕ್ಷಿ ಹೇಳಿದ್ದನಂತೆ, ಎಲ್ಲರೂ ಎದ್ದು ನಿಂತು ಹಾಡಿದ್ದರಂತೆ. ಬಯ್ಯುತ್ತಾನೆಂದು ಕಾದೆ. ಬಯ್ಯಲೆಂದು ಆಸೆಪಟ್ಟೆ.

"ನಿನ್ನ ದೇವರನ್ನ ನಂಬಿ ಟೆಸ್ಟರ್ ಮನೇಲಿಟ್ಟೆಯಾ?" ಎಂದು ನಾನೇ ಕೆಣಕಿದೆ. ನನ್ನ ದನಿ ನನಗೇ ಅಸಹ್ಯವಾಗಿತ್ತು.

"ದೇವರನ್ನ ನಂಬಿದ್ರೆ ಇನ್ನೊಂದು ಸಲ ವಿಚಾರಿಸ್ತಿದ್ದೆ ಅಕ್ಕಾ. ಅವನ ಹತ್ರ ಎಷ್ಟು ಸಲ ಮೋಸ ಹೋಗಿದೀನಿ. ನಾನು ನಂಬಿದ್ದು ನಿಮ್ಮನ್ನ." ಚಪ್ಪಲಿ ಮೆಟ್ಟುತ್ತಾ, "ನೀವು ಆಮೆನ್ ಅಂದ್ರಲ್ಲ."

ಹೊರಗೆ ಹೋದ. ಸಂಜೆಯವರೆಗೂ ಬರಲಿಲ್ಲ. ತಂಗಿಯೂ ನಾನೂ ಆ ಹಳೆಯ ಚರಂಡಿಯನ್ನೇ ನೆನೆಸಿಕೊಳ್ಳುತ್ತಿದ್ದೆವು. ಏಳಕ್ಕೆ ಬಂದ. ಬಾಯಲ್ಲಿ ಕುಡಿತದ ವಾಸನೆಯಿರಲಿಲ್ಲ. ಪಾಸ್ಟರ್ ಮನೆಗೆ ಹೋಗಿದ್ದನಂತೆ, ಸಾಕ್ಷಿ ವಾಪಸ್ ತಗೊಳ್ಳಬೇಕು ಎಂದು ಹೇಳಲು. ಅಂಗಡಿಗೆ ಮರಳಿಸುವ ಶರ್ಟಿನ ಹಾಗೆ ಅಂದ, ವಾಪಸ್.

ಮಾರ್ಚ್ ೨೦

ವಾರ್ಡಿನಲ್ಲಿ ಆ ಇನ್ನೊಂದು ಮಗು. ಮೂರು ವರ್ಷದ ಹುಡುಗಿ, ತಲೆಗೆ ಪಟ್ಟಿ. ಫೈಲಿಗೆ ಸಹಿ ಬೇಕಿತ್ತು, ನಾನೇ ಹೋಗಬೇಕಾಯಿತು. ತಾಯಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ಗುರುವಾರ ಮೊಣಕಾಲೂರಿ ಕೂತಿದ್ದೆ ಮೇಡಂ. ಯೇಸಪ್ಪಾ ಇನ್ನು ನಂಗೆ ಶಕ್ತಿ ಇಲ್ಲ ಅಂತಿದ್ದೆ. ಫೋನ್ ಬಂತು! ಯಾರೋ ಕೊನೇ ಗಳಿಗೇಲಿ ಬೇಡ ಅಂದ್ರಂತೆ. ಯಾರೋ ಏನೋ… ಅವರ ಮಗೂನೂ ಚೆನ್ನಾಗಿರಲಿ. ಆಮೆನ್ ಅನ್ನಿ ಮೇಡಂ."

"ಇಲ್ಲಿ ಸಹಿ ಹಾಕಿ," ಅಂದೆ.

ಏಪ್ರಿಲ್ ೨

ಹದಿಮೂರು ದಿನ ಏನೂ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಒಂದು ಪದ ಬರೆದು ಆದದ್ದೇ ಸಾಕು.

ಪಾಸ್ಟರ್ ಬಂದಿದ್ದರು. ಸ್ಕೂಟರಿನ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿಗೆ ಕೂತರು. "ಆಪರೇಷನ್ ಬೇಡ ಅಂತ ನಾನು ಯಾವತ್ತೂ ಹೇಳ್ಲಿಲ್ಲಮ್ಮ."

"ಬೇಕು ಅಂತಲೂ ಹೇಳ್ಲಿಲ್ಲ."

"ಇಲ್ಲ." ಒಪ್ಪಿಕೊಂಡರು. ಸಮರ್ಥಿಸಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, ಯೇಸು ಆ ಕಿವುಡನನ್ನು ವಾಸಿಮಾಡಿದ್ದನ್ನು ಮಾರ್ಕನ ಸುವಾರ್ತೆಯಲ್ಲಿ ಓದಿದ್ದೀರಾ ಎಂದು. "ಸಾವಿರ ಸಲ," ಅಂದೆ. "ಇನ್ನೊಂದ್ಸಲ ಓದಿ. ನಾನು ಈ ವಾರ ಚರ್ಚಲ್ಲಿ ಅದ್ರ ಮೇಲೆ ಪ್ರಸಂಗ ಮಾಡಕ್ಕೆ ಹೋಗಿ… ಬಿಟ್ಟೆ."

ಓದಿದೆ. ಕಿವುಡನನ್ನು ಗುಂಪಿನಿಂದ ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾನೆ. ಒಬ್ಬನನ್ನೇ. ಕಿವಿಯಲ್ಲಿ ಬೆರಳಿಡುತ್ತಾನೆ. ಉಗುಳುತ್ತಾನೆ. ನಾಲಿಗೆ ಮುಟ್ಟುತ್ತಾನೆ. ಬರೀ ಕೈಕೆಲಸ, ನಮ್ಮದರ ಹಾಗೇ. ಕೇಳದವನಿಗೆ ಈಗ ಇದು, ಆಮೇಲೆ ಅದು ಎಂದು ಮುಟ್ಟಿ ತೋರಿಸುವ ರೀತಿ. ಚೆನ್ನಾಗಿ ತಿಳಿದವನು. ಆಮೇಲೆ ಆಕಾಶ ನೋಡಿ ನಿಟ್ಟುಸಿರು ಬಿಡುತ್ತಾನೆ.

ಚಿಕ್ಕಂದಿನಿಂದ ಆ ನಿಟ್ಟುಸಿರಿನ ಮೇಲೆ ಹಾದುಹೋಗಿದ್ದೇನೆ. ವಾಸಿ ಮಾಡಲಿಕ್ಕೆ ಹೊರಟವನು, ಆಗುತ್ತದೆಂದು ಗೊತ್ತಿದ್ದವನು. ಗೆದ್ದವನ ಉಸಿರಲ್ಲ ಅದು. ಅದು ನನಗೆ ಪರಿಚಯದ್ದು. ಒಂದು ರಿಪೋರ್ಟಿಗೆ ಸಹಿ ಹಾಕುವಾಗ ಹೊರಗಿನ ಬೆಂಚಿನಲ್ಲಿ ಇನ್ನೂ ಕಾಯುತ್ತಿರುವವರು ಕಾಣುತ್ತಾರಲ್ಲ, ಆಗ ಬರುವಂಥದ್ದು.

ಅವನನ್ನು ಇಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಕಂಡದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಈಗ ಸಿಟ್ಟಿಗೊಂದು ಮುಖ ಬಂದಿದೆ, ಅಷ್ಟೆ.

ಏಪ್ರಿಲ್ ೧೬, ಸಂಜೆ

ಇವತ್ತು ಆ ಹುಡುಗಿಯ ಯಂತ್ರಕ್ಕೆ ಜೀವ ಕೊಡುವ ದಿನ. ಕೆಲಸ ನನ್ನದೇ. ಬೇರೆಯವರಿಗೆ ವಹಿಸಬಹುದಿತ್ತು. ವಹಿಸಲಿಲ್ಲ. ಮೆಲ್ಲಗೆ ಏರಿಸಿದೆ. ಆಡುತ್ತಿದ್ದವಳು ನಿಂತಳು. ಕಣ್ಣು ದೊಡ್ಡದಾಯಿತು. ಕಿರುಚಿ ಅಮ್ಮನ ಸೆರಗಿನೊಳಗೆ ಹೊಕ್ಕಳು, ತನ್ನ ಅಳು ತನಗೇ ಕೇಳಿ ಇನ್ನಷ್ಟು ಹೆದರಿ ಅತ್ತಳು. ತಾಯಿ ನಗುತ್ತಾ ಅಳುತ್ತಾ ನನ್ನ ಭುಜಕ್ಕೆ ಹಣೆ ಒತ್ತಿದಳು. ಮಗು ಕೇಳಿತು. ಸಂತೋಷವಾಯಿತು ನನಗೆ, ನಿಜವಾಗಿ. ಅದನ್ನೂ ಬರೆದಿಡಬೇಕು.

ಎದುರು ಕೋಣೆಯಲ್ಲಿ ಮಂಗಳವಾರ ಸನ್ನೆಭಾಷೆಯ ತರಗತಿ. ತಂಗಿಯ ಗಂಡ ಚೂಟಿಯ ಜೊತೆ ಬೆಂಚಿನಲ್ಲಿ ಕೂತು ಮೊದಲ ಪಾಠ ತಿದ್ದುತ್ತಿದ್ದ — ನೀರು, ಅಮ್ಮ, ಬೇಕು. ವೈರು ಎಳೆದು ದಪ್ಪಗಾದ ಬೆರಳು, 'ಬೇಕು' ಸರಿಬರುತ್ತಿರಲಿಲ್ಲ. ಚೂಟಿ ಅವನ ಹೆಬ್ಬೆರಳನ್ನು ಹಿಡಿದು ಮಡಚಿ ಸರಿಮಾಡಿದಳು, ದಡ್ಡ ಹುಡುಗನಿಗೆ ಕಲಿಸುವ ಟೀಚರಮ್ಮನ ಗತ್ತಿನಲ್ಲಿ.

ಆ ತಾಯಿ ಅವರನ್ನು ದಾಟುವಾಗ ನಿಂತು ಚೂಟಿಯ ಗಲ್ಲ ಸವರಿದಳು. ಗೊತ್ತಿಲ್ಲ ಅವಳಿಗೆ. "ನಿಮ್ದೂ ಆಗುತ್ತೆ ಅಣ್ಣ. ನಂಬಿಕೆ ಬಿಡಬೇಡಿ."

ಅವನಿಗೆ ಗೊತ್ತಾಯಿತು. ಅವಳ ಮಗುವಿನ ತಲೆಯ ಮೇಲಿನ ಯಂತ್ರ ನೋಡಿದ, ನನ್ನನ್ನು ನೋಡಿದ. "ಆಯ್ತಮ್ಮ," ಅಂದ. "ನಿಮ್ಮ ಮಗು ಚೆನ್ನಾಗಿರಲಿ."

ಇಂಥ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಪ್ರಾರ್ಥಿಸುವವರಿಗೆ ಇದೆಲ್ಲಿಂದ ಬರುತ್ತದೋ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಇದು ಪ್ರಾರ್ಥನೆಯಲ್ಲ, ಜಗಳ. ನಿನ್ನ ಜೊತೆ. ಅವತ್ತು ಗುಂಪಿನಿಂದ ಒಬ್ಬನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದೆಯಲ್ಲ, ಆ ಗುಂಪಿನಲ್ಲಿ ಇನ್ನೊಬ್ಬ ಕಿವುಡ ಇದ್ದೇ ಇದ್ದ. ಇರುತ್ತಾರೆ. ಸರದಿ ನೋಡಿದವಳು ನಾನು. ನೀನು ತಿರುಗಿ ಬಂದಾಗ ಎದುರಿಗೇ ನಿಂತಿದ್ದ. ನೀನು ಏನು ಹೇಳಿದ್ದರೂ ಅವನಿಗೆ ಕೇಳುತ್ತಿರಲಿಲ್ಲ — ಅವನಿಗೆ ಏನೆಂದು ಸನ್ನೆ ಮಾಡಿದೆ?